ಈರಕ್ಕನ ಪಾಲು

ಊರಿನವರು ನನ್ನನ್ನು ಡಾಕ್ಟ್ರಮ್ಮ ಎನ್ನುತ್ತಾರೆ. ಹಾಗೆ ಕರೆಯಬೇಡಿ ಎಂದು ಹೇಳಿ ಹೇಳಿ ನನಗೇ ಸಾಕಾಗಿದೆ. ನಾನು ಅಫ್ಸಾನಾ, ಶಿರಾದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ರಹೀಮ್ ಅವರ ಮಗಳು. ನರ್ಸಿಂಗ್ ಓದಿ, ಅದರ ಮೇಲೊಂದು ತರಬೇತಿ ಮುಗಿಸಿ, ಬರಗೂರಿನಾಚೆಯ ಬಿಳಿಗಲ್ಲಹಟ್ಟಿ ಉಪಕೇಂದ್ರಕ್ಕೆ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಬಂದವಳು. ಗುತ್ತಿಗೆ ಕೆಲಸ, ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಎರಡು ಕೋಣೆಯ ಕಟ್ಟಡ, ಒಂದು ಔಷಧದ ಬೀರು, ಬೀರುವಿನ ಬೀಗದ ಕೈ ನನ್ನ ಹತ್ತಿರ. ಬೀಗದ ಕೈ ಇದ್ದವಳು ಒಳಗಿರುವುದನ್ನು ಯಾರಿಗೆ ಬೇಕಾದರೂ ಕೊಡಬಹುದು ಎಂಬುದು ಊರಿನವರ ನಂಬಿಕೆ. ಸರ್ಕಾರದ ನಿಯಮ ಬೇರೆ ಹೇಳುತ್ತದೆ.

ನಿಯಮ ಏನೆಂದು ಒಮ್ಮೆ ಹೇಳಿಬಿಡುತ್ತೇನೆ, ಆಮೇಲೆ ಜಗಳಕ್ಕೆ ಬರೋಣ. ಜ್ವರ, ಕೆಮ್ಮು, ಭೇದಿ, ಜಂತುಹುಳ, ರಕ್ತ ಕಡಿಮೆ, ಇಂಥವಕ್ಕೆ ನಾನೇ ನೋಡಿ ನಾನೇ ಮಾತ್ರೆ ಕೊಡಬಹುದು. ಬಿ.ಪಿ., ಶುಗರ್ ಇರುವವರನ್ನು ಹುಡುಕಬಹುದು, ಅಳೆಯಬಹುದು, ಡಾಕ್ಟರು ಒಮ್ಮೆ ಬರೆದುಕೊಟ್ಟ ಮಾತ್ರೆಯನ್ನು ತಿಂಗಳು ತಿಂಗಳು ಕೊಡುತ್ತಾ ಹೋಗಬಹುದು. ಆದರೆ ಆ ಮಾತ್ರೆಯನ್ನು ನಾನಾಗಿ ಶುರು ಮಾಡುವಂತಿಲ್ಲ. ಹೆಚ್ಚಿಸುವಂತಿಲ್ಲ, ಇಳಿಸುವಂತಿಲ್ಲ. ಹೆಚ್ಚು ಕಡಿಮೆ ಮಾಡಬೇಕಾದರೆ ವಿಡಿಯೋ ಕರೆಯಲ್ಲಿ ಡಾಕ್ಟರನ್ನು ಕೇಳಬೇಕು. ಹೊಸಬರಾದರೆ ಅದೂ ಇಲ್ಲ. ನಮ್ಮ ಡಾಕ್ಟರ್ ಅನಿಲ್ ಕುಮಾರ್ ಅವರದು ಒಂದೇ ಹಟ: "ಮೊದಲ ಸಲ ಮಾತ್ರ ರೋಗೀನ ನಾನೇ ಕೈಮುಟ್ಟಿ ನೋಡಬೇಕು ಸಿಸ್ಟರ್. ಫೋನಲ್ಲಿ ಮುಖ ಕಾಣುತ್ತೆ, ಮನುಷ್ಯ ಕಾಣಲ್ಲ."

ಮಾತು ಚೆನ್ನಾಗಿಯೇ ಇದೆ. ಆದರೆ ಆ ಮನುಷ್ಯರಿಗೆ ಎರಡು ಆಸ್ಪತ್ರೆಗಳ ಜವಾಬ್ದಾರಿ. ಒಂದು ಕಡೆ ಇದ್ದಾಗ ಇನ್ನೊಂದು ಕಡೆ ಕುರ್ಚಿ ಖಾಲಿ.

ನನ್ನ ಹತ್ತಿರ ತಪ್ಪದೆ ಬರುತ್ತಿದ್ದವಳು ಕೊಲ್ಲಾಪುರಮ್ಮ. ಬೀಗ ತೆಗೆಯುವ ಮೊದಲೇ ಜಗಲಿಯ ಮೇಲೆ ಕೂತಿರುತ್ತಿದ್ದಳು. ಡಾಕ್ಟರು ಯಾವತ್ತೋ ಬರೆದುಕೊಟ್ಟ ಬಿ.ಪಿ. ಮಾತ್ರೆ, ದಿನಕ್ಕೊಂದು. ತಿಂಗಳಿಗೆ ಬೇಕಾದಷ್ಟನ್ನು ನಾನು ಕೊಡುತ್ತಿದ್ದೆ, ಅವಳು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಭಕ್ತಿಗೆ ಕೊರತೆ ಇರಲಿಲ್ಲ. ಬಿ.ಪಿ. ಮಾತ್ರ ಜಪ್ಪಯ್ಯ ಅಂದರೂ ಇಳಿಯುತ್ತಿರಲಿಲ್ಲ.

"ಅಮ್ಮಾ, ದಿನಾ ತಗೋತೀರಾ, ಇಲ್ಲ ಮಧ್ಯೆ ಮಧ್ಯೆ ಬಿಡ್ತೀರಾ?"

"ಒಂದ್ ದಿನಾನೂ ತಪ್ಸಿಲ್ಲ ಕಣಮ್ಮ. ನಮ್ಮನೆ ದೇವ್ರಾಣೆ."

"ಉಪ್ಪಿನಕಾಯಿ?"

"ಅದ್ರ ಮುಖಾನೇ ನೋಡಾಕಿಲ್ಲ."

ಉಪ್ಪಿನಕಾಯಿಯ ವಿಷಯ ಸುಳ್ಳು ಎಂದು ಎಣ್ಣೆ, ಖಾರ ಹತ್ತಿದ ಅವಳ ಬೆರಳೇ ಹೇಳುತ್ತಿತ್ತು. ಆದರೆ ಮಾತ್ರೆಯ ವಿಷಯದಲ್ಲಿ ಅವಳ ಆಣೆಯನ್ನು ನಾನು ನಂಬಿದೆ. ಪಂಚಾಯ್ತಿ ಕಟ್ಟೆಯ ಹತ್ತಿರ ಮಾತ್ರ ವಿಡಿಯೋಗೆ ಸಾಕಾಗುವಷ್ಟು ಸಿಗ್ನಲ್ ಸಿಗುತ್ತದೆ, ಅಲ್ಲಿ ಅವಳನ್ನು ಕೂರಿಸಿ ಡಾಕ್ಟರಿಗೆ ವಿಡಿಯೋ ಕರೆ ಮಾಡಿದೆ. ಅವರು ಕೇಳಬೇಕಾದ್ದನ್ನೆಲ್ಲ ಕೇಳಿ, ಅದೇ ಮಾತ್ರೆಯನ್ನು ಇಮ್ಮಡಿ ಶಕ್ತಿಯದ್ದು ಮಾಡಿದರು. ಮುಂದಿನ ತಿಂಗಳು ಬಿ.ಪಿ. ಹತೋಟಿಗೆ ಬಂತು. ಅವತ್ತು ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಬ್ಬಳೇ ನಗುತ್ತಾ ಶಿರಾಕ್ಕೆ ಹೋದೆ. ಅಷ್ಟು ಬೀಗಿದ್ದೆ.

ಇನ್ನೊಬ್ಬಳು ಈರಕ್ಕ. ಕೊಲ್ಲಾಪುರಮ್ಮನ ವಾರಗಿತ್ತಿ, ಅವಳ ಮೈದುನನ ಹೆಂಡತಿ. ಅಣ್ಣ ತಮ್ಮಂದಿರಿಗೆ ಬೋರ್‌ವೆಲ್ ನೀರಿನ ಸರದಿಯಲ್ಲಿ ಜಗಳವಾಗಿ ಮಾತು ನಿಂತಿತ್ತು. ತುಂಬಿದ ಮನೆಯ ನಡುವೆ ಗೋಡೆ ಎದ್ದಿತ್ತು. ಅಕ್ಕನ ಮಾತ್ರೆ ಹೆಚ್ಚಿಸುವುದಕ್ಕೂ ಎಷ್ಟೋ ಮೊದಲು, ಮನೆ ಮನೆ ಸಮೀಕ್ಷೆಗೆ ಹೋದಾಗ ಈರಕ್ಕನ ಬಿ.ಪಿ. ಅಳೆದಿದ್ದೆ. ಅಕ್ಕನಿಗಿಂತ ಜಾಸ್ತಿ. ಆಸ್ಪತ್ರೆಗೆ ಕಳಿಸಿದೆ. ಹೋದಳು, ಡಾಕ್ಟರು ಆವತ್ತು ಇನ್ನೊಂದು ಕಡೆ ಇದ್ದರು. ಬೈಕೊಂಡು ವಾಪಸ್ಸು ಬಂದಳು. ಮತ್ತೆ ಕಳಿಸಿದೆ. ಆವತ್ತು ಡಾಕ್ಟರು ತಾಲ್ಲೂಕು ಮೀಟಿಂಗಿನಲ್ಲಿದ್ದರು. ಈ ಸಲ ಬೈಗುಳ ನನಗೇ ಬಂತು.

"ನೀನೇ ಕೊಟ್ರೆ ನಿನ್ ಗಂಟೇನ್ ಓಗ್ತೈತೆ?"

"ಮೊದಲನೇ ಸಲ ನಾನು ಕೊಡೋ ಹಂಗಿಲ್ಲ ಈರಕ್ಕ."

"ನಮ್ಮಕ್ಕಂಗೆ ಕೊಡ್ತೀಯ. ಅದೇ ಬೀರು, ಅದೇ ಮಾತ್ರೆ. ಅವ್ಳ ರಕ್ತ ಬ್ಯಾರೆ, ನನ್ ರಕ್ತ ಬ್ಯಾರೆನಾ? ಇನ್ನೊಂದ್ ಸಲ ಆ ಖಾಲಿ ಕುರ್ಚಿಗೆ ಕೈ ಮುಗಿದು ಬರಾಕೆ ನಂಗೇನ್ ಹುಚ್ಚಾ?"

ನಿಯಮವನ್ನು ನಾನು ಮಾಡಿದವಳಲ್ಲ, ಆದರೆ ಬೈಸಿಕೊಳ್ಳುವ ಪಾಳಿ ಮಾತ್ರ ನನ್ನದೇ. ಆಮೇಲೆ ಈರಕ್ಕ ಉಪಕೇಂದ್ರದ ಕಡೆ ತಲೆ ಹಾಕಲಿಲ್ಲ. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದಳು.

ಹೀಗೇ ಕೆಲವು ತಿಂಗಳು ಕಳೆದವು. ಒಂದು ಬೆಳಿಗ್ಗೆ ಕೊಲ್ಲಾಪುರಮ್ಮ ಹಾಲು ಕರೆದು ಎದ್ದವಳಿಗೆ ಕಣ್ಣು ಕತ್ತಲೆ ಬಂದು, ಕೊಟ್ಟಿಗೆಯ ಕಲ್ಲಿನ ಮೇಲೆ ಬಿದ್ದಳು. ಹಣೆ ಒಡೆಯಿತು. ಮಗ ಭೀಮರಾಜು ತನ್ನ ಲಗೇಜ್ ಆಟೋದಲ್ಲೇ ಶಿರಾಕ್ಕೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿಸಿದ. ಅಲ್ಲಿ ಯಾರೋ, ಬಿ.ಪಿ. ತೀರಾ ಇಳಿದಿದೆ, ಇಷ್ಟು ಜೋರಿನ ಮಾತ್ರೆ ಕೊಟ್ಟವರು ಯಾರು ಎಂದು ಕೇಳಿದರಂತೆ. ಅಷ್ಟು ಸಾಕಾಯಿತು. ಭೀಮರಾಜು ಆಟೋವನ್ನು ನೇರ ನನ್ನ ಬಾಗಿಲಿಗೆ ತಂದು ನಿಲ್ಲಿಸಿದ.

"ಯಾರ್ ಕೊಟ್ರು ನಿಮಗೆ ಅಧಿಕಾರ? ನೀವು ಡಾಕ್ಟ್ರಾ? ನಮ್ಮವ್ವ ಸತ್ತೋಗಿದ್ರೆ ನೀವು ತಂದ್ಕೊಡ್ತಿದ್ರಾ?"

ಡಾಕ್ಟರೇ ಹೆಚ್ಚಿಸಿದ್ದು ಎಂದು ಹೇಳಿದೆ. ಕೂಗುವವನಿಗೆ ಕಿವಿ ಇರುವುದಿಲ್ಲ. ಆವತ್ತೇ ತಾಲ್ಲೂಕು ಕಚೇರಿಗೆ ದೂರು ಕೊಟ್ಟ. ಡಾಕ್ಟರ್ ಅನಿಲ್ ಕುಮಾರ್ ಫೋನ್ ಮಾಡಿ, ಸದ್ಯಕ್ಕೆ ಕೊಲ್ಲಾಪುರಮ್ಮನ ಮಾತ್ರೆ ನಿಲ್ಲಿಸಲು ಹೇಳಿದರು. ಗುರುವಾರ ವಿಚಾರಣೆಗೆ ತಾವೇ ಬರುತ್ತೇನೆ ಎಂದರು. ಆಮೇಲೆ ದನಿ ತಗ್ಗಿಸಿ, "ನಿಮ್ಮ ನವೀಕರಣದ ಫೈಲು ಈಗ ತಾಲ್ಲೂಕಲ್ಲೇ ಇದೆ ಸಿಸ್ಟರ್. ದೂರು ನಿಜ ಅಂತಾದ್ರೆ ನನ್ನ ಕೈಲೂ ಏನೂ ಆಗಲ್ಲ" ಎಂದರು.

ಆ ವಾರ ಜಗಲಿ ಬಣಬಣ ಎನ್ನುತ್ತಿತ್ತು. ಮಗುವಿಗೆ ಜ್ವರ ಬಂದರೂ ನನ್ನ ಬಾಗಿಲು ದಾಟಿಕೊಂಡು ಬಸ್ಸಿಗೆ ಹೋಗುತ್ತಿದ್ದರು. ನನಗೆ ಅಳು ಬಂತು, ಅತ್ತೂ ಬಿಟ್ಟೆ. ಮಾತ್ರೆ ತಪ್ಪಿಲ್ಲ, ಪ್ರಮಾಣ ತಪ್ಪಿಲ್ಲ, ತಿಂಗಳುಗಟ್ಟಲೆ ಸರಿಯಾಗಿದ್ದ ಹೆಂಗಸು ಇದ್ದಕ್ಕಿದ್ದಂತೆ ಯಾಕೆ ಬಿದ್ದಳು ಎನ್ನುವುದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ.

ಬುಧವಾರ ಮಧ್ಯಾಹ್ನ ಈರಕ್ಕ ಬಂದಳು. ಐ.ಡಿ.ಹಳ್ಳಿಯಲ್ಲಿ ಮಗಳ ಎರಡನೇ ಹೆರಿಗೆ ಎಂದು ಹೋಗಿ, ಬಾಣಂತನ ಮುಗಿಸಿ ಹಿಂದಿನ ದಿನವಷ್ಟೇ ವಾಪಸ್ಸಾಗಿದ್ದಳು. ತಲೆ ಸಿಡಿಯುತ್ತಿದೆ ಎಂದು ಎರಡೂ ಕೈಯಲ್ಲಿ ತಲೆ ಹಿಡಿದು ಕೂತಳು. ಅಳೆದೆ. ಮೇಲಿನದು ನೂರ ತೊಂಬತ್ತು. ನಂಬಿಕೆ ಬಾರದೆ ಇನ್ನೊಂದು ಕೈಗೆ ಪಟ್ಟಿ ಕಟ್ಟಿ ಅಳೆದೆ. ಅಷ್ಟೇ.

"ಈರಕ್ಕ, ಯಾವುದಾದ್ರೂ ಮಾತ್ರೆ ತಗೋತಿದ್ರಾ?"

ಅವಳು ಬಾಗಿಲ ಕಡೆ ನೋಡಿದಳು. ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡಳು.

"ತಗಂತಿದ್ದೆ. ಊರ್ಗೋದ್ ಮ್ಯಾಲೆ ಇಲ್ಲ. ಬಂದು ನೋಡಿದ್ರೆ ಅಕ್ಕಂಗೆ ಮಾತ್ರೆ ನಿಲ್ಲಿಸ್ಬುಟ್ಟವ್ರೆ. ನನ್ ಪಾಲೂ ನಿಂತೋಯ್ತಲ್ಲ ತಾಯಿ."

"ನಿಮ್ಮ ಪಾಲಾ?"

"ಅರ್ಧ ಅವ್ಳಿಗೆ, ಅರ್ಧ ನಂಗೆ. ಆ ಮನೆಗೆ ಒಂದೇ ದಿನ ಕಾಲಿಟ್ಟವ್ರು ಕಣಮ್ಮ ನಾವು. ಅವತ್ತಿಂದ ಏನ್ ಬಂದ್ರೂ ಎರಡು ಪಾಲು. ಮಾವಿನಹಣ್ಣು ಬರ್ಲಿ, ಮಲ್ಲಿಗೆ ಮೊಳ ಬರ್ಲಿ. ನೀನು ನಂಗೆ ಕೊಡಾಕಿಲ್ಲ ಅಂದೆ. ಅಕ್ಕಂಗೆ ಹೇಳ್ದೆ. ಅವ್ಳು ಅಡಕತ್ರಿ ತಂದು ಕಟ್ ಅಂತ ಎರಡು ಮಾಡಿದ್ಲು. ಹಿತ್ಲಾಗೆ ಗೋಡೆ ಗಿಡ್ಡ ಐತಲ್ಲ, ಇಟ್ಟಿಗೆ ಸಾಲ್ದೆ ಬುಟ್ಟಿದ್ದು, ಅಲ್ಲಿ ಬೆಳಗ್ಗೆ ಬೆಳಗ್ಗೆ ಇಸ್ಕಂತಿದ್ದೆ."

ಎಲ್ಲವೂ ಒಮ್ಮೆಗೇ ತಿಳಿಯಿತು. ಒಂದು ದಿನವೂ ತಪ್ಪಿಸಿಲ್ಲ ಎಂದು ಕೊಲ್ಲಾಪುರಮ್ಮ ಹಾಕಿದ ಆಣೆ ನಿಜವೇ. ಅರ್ಧವನ್ನು ತಪ್ಪಿಸಿರಲಿಲ್ಲ. ಅದಕ್ಕೇ ಬಿ.ಪಿ. ಇಳಿದಿರಲಿಲ್ಲ. ಇಮ್ಮಡಿ ಮಾಡಿದ ಮೇಲೆ ಅರ್ಧ ಸಾಕಾಯಿತು, ಹತೋಟಿಗೆ ಬಂತು. ಈರಕ್ಕ ಐ.ಡಿ.ಹಳ್ಳಿಗೆ ಹೋದ ಮೇಲೆ ಪಾಲು ಕೇಳುವವರಿರಲಿಲ್ಲ. ಕೊಲ್ಲಾಪುರಮ್ಮ ಪೂರ್ತಿ ನುಂಗಿದಳು, ಬಿದ್ದಳು. ಇಬ್ಬರು ರೋಗಿಗಳಿಗೆ ಒಬ್ಬಳ ಹೆಸರಿನಲ್ಲಿ ಔಷಧ ಕೊಡುತ್ತಿದ್ದೆ ನಾನು, ನನಗೇ ಗೊತ್ತಿಲ್ಲದೆ.

ಮೊದಲು ಬಂದದ್ದು ಸಿಟ್ಟು. ಆಮೇಲೆ, ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ನನ್ನ ತಪ್ಪಿಲ್ಲ! ನಾಳೆ ಡಾಕ್ಟರ ಮುಂದೆ ಈ ಒಂದು ಮಾತು ಹೇಳಿದರೆ ದೂರು ಬಿದ್ದುಹೋಗುತ್ತದೆ, ಕೆಲಸ ಉಳಿಯುತ್ತದೆ.

ಈರಕ್ಕ ನನ್ನ ಮುಖ ನೋಡಿಯೇ ಅದನ್ನು ಓದಿಕೊಂಡಳು. ಕೈ ಹಿಡಿದಳು. "ಯಾರ್ಗೂ ಹೇಳ್ಬ್ಯಾಡ ತಾಯಿ. ನಮ್ಮ ಮನೆಯವ್ರಿಗೂ ಆ ಮನೆಯವ್ರಿಗೂ ಮಾತಿಲ್ಲ. ನಂಗೆ ಕೊಟ್ಟು ಅವ್ಳು ಬಿದ್ಲು ಅಂತ ಗೊತ್ತಾದ್ರೆ ಭೀಮ ಅವ್ಳನ್ನ ಹಿತ್ಲಿಗೂ ಬುಡಾಕಿಲ್ಲ. ನಂಗೆ ಇರೋಳು ಅವ್ಳೊಬ್ಳು."

ಯಾರಿಗೂ ಹೇಳುವುದಿಲ್ಲ ಎಂದೆ. ಡಾಕ್ಟರಿಗೆ ಮಾತ್ರ ಬೇರೆಯಾಗಿ ಹೇಳಲೇಬೇಕಾಗುತ್ತದೆ, ಮನೆಯವರ ಕಿವಿಗೆ ಬೀಳದಂತೆ ನೋಡಿಕೊಳ್ಳುತ್ತೇನೆ ಎಂದೆ. ಅವಳು ಒಪ್ಪಿದಳು. ಆಮೇಲೆ ಬೀರುವಿನ ಮುಂದೆ ನಿಂತೆ. ಅವಳಿಗೆ ಬೇಕಾದ ಮಾತ್ರೆ ಕೈಗೆಟಕುವಂತಿದೆ. ಒಂದು ಮಾತ್ರೆ ತೆಗೆದುಕೊಟ್ಟರೆ ಕೇಳುವವರು ಯಾರು? ಬೀಗದ ಕೈಯನ್ನು ಹಾಕಿದೆ ಕೂಡ. ಆದರೆ ಈಗಾಗಲೇ ಒಂದು ಸಲ, ಗೊತ್ತಿಲ್ಲದೆ, ಯಾರೂ ಪರೀಕ್ಷೆ ಮಾಡದ ಹೆಂಗಸಿಗೆ ನನ್ನ ಬೀರುವಿನ ಮಾತ್ರೆ ಹೋಗಿತ್ತು. ಗೊತ್ತಿದ್ದೂ ಇನ್ನೊಮ್ಮೆ ಕಳಿಸಲು ಧೈರ್ಯ ಬರಲಿಲ್ಲ. ಬೀಗ ತಿರುಗಿಸದೆ ಡಾಕ್ಟರಿಗೆ ಫೋನ್ ಮಾಡಿದೆ. ಪಾಲಿನ ವಿಷಯವನ್ನು ನಾಳೆ ಎದುರಿಗೆ, ಬೇರೆಯಾಗಿ ಹೇಳೋಣ ಎಂದು ಬಿಟ್ಟೆ. ಎದೆನೋವು ಇದೆಯಾ, ಕಣ್ಣು ಮಂಜಾ, ಕೈಕಾಲು ಸೋಲುತ್ತಿದೆಯಾ ಎಂದು ಅವರು ಕೇಳಿದರು. ಯಾವುದೂ ಇರಲಿಲ್ಲ. "ಮಲಗಿರಲಿ. ಇವುಗಳಲ್ಲಿ ಒಂದು ಶುರುವಾದ್ರೂ ೧೦೮ಕ್ಕೆ ಫೋನ್ ಮಾಡಿ. ಇಲ್ಲಾಂದ್ರೆ ಬೆಳಿಗ್ಗೆ ನಾನೇ ಬರ್ತಿದೀನಿ, ಮೊದಲು ಅವರನ್ನ ನೋಡ್ತೀನಿ" ಎಂದರು.

ಅದನ್ನೆಲ್ಲ ಈರಕ್ಕನಿಗೆ ತಿಳಿಸಿ, ಅವಳನ್ನು ಮನೆಗೆ ಬಿಟ್ಟು ಸಂಜೆ ಶಿರಾಕ್ಕೆ ಹೋದೆ. ಅಂಗಡಿಯಲ್ಲಿ ಅಬ್ಬಾ ಮಷೀನಿನ ಮುಂದೆ ಕೂತಿದ್ದರು. ಹೆಸರು, ಊರು ಏನೂ ಹೇಳದೆ ಕೇಳಿದೆ: ಒಬ್ಬರ ಗುಟ್ಟನ್ನು ಎಲ್ಲರ ಮುಂದೆ ಹೇಳಿದರೆ ನನ್ನ ಕೆಲಸ ಉಳಿಯುತ್ತದೆ, ಹೇಳಲಾ?

ಅಬ್ಬಾ ಕಾಲು ನಿಲ್ಲಿಸಿದರು. "ಈ ಊರಿನ ಅರ್ಧ ಹೆಂಗಸರ ರವಿಕೆ ಹೊಲಿದಿದೀನಿ ಬೇಟಿ. ಒಬ್ಬರ ಅಳತೆ ಇನ್ನೊಬ್ಬರಿಗೆ ಹೇಳಿಲ್ಲ. ಅದಕ್ಕೇ ಬರ್ತಾರೆ."

"ಕೆಲಸ ಹೋದರೆ?"

"ಹೋದರೆ ಹೋಗಲಿ ಅಂತ ನಾನು ಅನ್ನಲ್ಲ. ನಿನ್ನ ಕೆಲಸದ ಮೇಲೆ ನಮಗೆ ಎಷ್ಟು ಹೆಮ್ಮೆ ಅಂತ ನಿಂಗೆ ಗೊತ್ತು." ದಾರದ ತುದಿ ಕತ್ತರಿಸಿ, "ಆದರೂ ಹೇಳಬೇಡ" ಎಂದರು. ಮತ್ತೆ ಮಷೀನು ತುಳಿದರು.

ಗುರುವಾರ ಡಾಕ್ಟರು ಬೈಕಿನಲ್ಲಿ ಬರುವಷ್ಟರಲ್ಲಿ ಭೀಮರಾಜು ಬಾಗಿಲಲ್ಲೇ ಕಾವಲು ನಿಂತಿದ್ದ. ಹಣೆಗೆ ಪಟ್ಟಿ ಕಟ್ಟಿಕೊಂಡ ಕೊಲ್ಲಾಪುರಮ್ಮ ಬೆಂಚಿನ ಈ ತುದಿಯಲ್ಲಿ, ತಲೆಯ ಮೇಲೆ ಸೆರಗೆಳೆದುಕೊಂಡ ಈರಕ್ಕ ಆ ತುದಿಯಲ್ಲಿ. ಒಬ್ಬರನ್ನೊಬ್ಬರು ಕಂಡೇ ಇಲ್ಲದವರ ಹಾಗೆ ಕೂತಿದ್ದರು. ಜಗಳ ಎಂದರೆ ಊರಿಗೆ ಊರೇ ಸೇರುತ್ತದೆ, ವಾರವಿಡೀ ಖಾಲಿ ಬಿದ್ದಿದ್ದ ನನ್ನ ಜಗಲಿ ತುಂಬಿತು.

ಮೊದಲು ಈರಕ್ಕನನ್ನು ನೋಡುತ್ತೇನೆ ಎಂದಿದ್ದರೂ ಡಾಕ್ಟರನ್ನು ಭೀಮರಾಜು ಒಳಗೆ ಬಿಡಬೇಕಲ್ಲ. ಅಡ್ಡ ನಿಂತು, ತೀರ್ಮಾನ ಆಗಲಿ ಎಂದ.

"ಮಾತ್ರೆ ಹೆಚ್ಚಿಸಿದ್ದು ನಾನು" ಎಂದರು ಡಾಕ್ಟರು. "ಸಿಸ್ಟರ್ ತಾವಾಗಿ ಮಾಡಿದ್ದಲ್ಲ. ಆದರೆ ಸಿಸ್ಟರ್, ರೋಗಿ ದಿನಾ ಪೂರ್ತಿ ತಗೋತಿದಾರೆ ಅಂತ ನೀವು ಹೇಳಿದ್ರಿ. ಅದರ ಮೇಲೇ ನಾನು ಹೆಚ್ಚಿಸಿದ್ದು. ಸರಿಯಾಗಿದ್ದವರು ಹೀಗೆ ಇದ್ದಕ್ಕಿದ್ದಂಗೆ ಬೀಳೋಕೆ ಕಾರಣ ಇರಬೇಕು. ನಿಮಗೇನಾದ್ರೂ ಗೊತ್ತಾ?"

ಎಲ್ಲರೂ ನನ್ನನ್ನೇ ನೋಡಿದರು. ಒಂದು ಮಾತು ಬಾಯಿತುದಿಯಲ್ಲಿತ್ತು. ಈರಕ್ಕನ ಕಡೆ ನೋಡದಿರಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

"ಎಲ್ಲರ ಮುಂದೆ ಏನೂ ಹೇಳಲ್ಲ ಸರ್" ಎಂದೆ.

"ನೋಡಿದ್ರಾ!" ಭೀಮರಾಜು ತೊಡೆ ತಟ್ಟಿದ. "ಬಾಯೇ ಬುಡಲ್ಲ. ತಪ್ಪು ಮಾಡ್ದೋರ ಲಕ್ಷಣನೇ ಇದು. ಬರ್ಕಳಿ ಸಾರ್, ಇವ್ರನ್ನ ತೆಗೀರಿ."

"ಲೇ ಭೀಮ, ಸುಮ್ಕಿರ್ಲಾ."

ಕೊಲ್ಲಾಪುರಮ್ಮ ಎದ್ದು ನಿಂತಿದ್ದಳು. ಒಂದು ಕೈ ಗೋಡೆಗೆ ಆನಿಸಿಕೊಂಡಿದ್ದಳು.

"ಆ ಹುಡ್ಗೀದು ಏನೂ ತಪ್ಪಿಲ್ಲ. ಆಯಮ್ಮ ಒಂದ್ ಅಂತ ಕೊಟ್ಲು. ನಾನು ಅರ್ಧ ಮಾಡಿ ತಿಂದೆ. ಇನ್ನರ್ಧ ಈರಂಗೆ ಕೊಟ್ಟೆ. ದಿನಾ ಕೊಟ್ಟೆ. ಅವ್ಳು ಮಗಳ ಮನೆಗೆ ಹೋದ್ಲು, ಎರಡು ಪಾಲೂ ನಾನೇ ನುಂಗ್ದೆ, ಬಿದ್ದೆ. ಇಷ್ಟೇಯ."

"ಅಕ್ಕಾ..." ಎಂದಳು ಈರಕ್ಕ.

ಭೀಮರಾಜುವಿನ ಮುಖ ಕೆಂಪಾಯಿತು. "ಆ ಮನೆಯವ್ರಿಗಾ? ಅವ್ವ, ಅವ್ರ ಜೊತೆ ನಮಗೆ ಮಾತಿಲ್ಲ, ಗೋಡೆ ಕಟ್ಟೈತೆ, ನೀನು..."

"ಕಟ್ಟಿದ್ದು ನೀವು. ನನ್ ಕೇಳಿ ಕಟ್ಟಿದ್ರಾ? ಇವ್ಳನ್ನ ಕೇಳಿ ಕಟ್ಟಿದ್ರಾ?" ಅವಳ ದನಿ ಏರಲಿಲ್ಲ. "ನಿಂಗೆ ಸೀತಾಳೆ ಸಿಡುಬು ಎದ್ದಾಗ ನಾನು ಬಸ್ರಿ. ಹತ್ರ ಬರ್ಬ್ಯಾಡ ಅಂದು ನಿನ್ನ ತೊಡೆ ಮ್ಯಾಲ್ ಹಾಕ್ಕಂಡು ಬೇವಿನಸೊಪ್ಪಲ್ಲಿ ಗಾಳಿ ಬೀಸ್ದೋಳು ಇವ್ಳು. ಅವ್ಳ ತಲೆ ಸಿಡೀತೈತೆ ಅಂತ ಗೊತ್ತಿದ್ದು ನಾನೊಬ್ಳೇ ಹೆಂಗ್ಲಾ ನುಂಗ್ಲಿ?"

ನಾನು ಎಲ್ಲರ ಎದುರೇ ಕಣ್ಣು ಒರೆಸಿಕೊಂಡೆ, ನಾಚಿಕೆಯಾಗಲಿಲ್ಲ. ಭೀಮರಾಜು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

ಡಾಕ್ಟರು ಈರಕ್ಕನನ್ನು ಒಳಗೆ ಕರೆದು ನಿಧಾನವಾಗಿ ಪರೀಕ್ಷೆ ಮಾಡಿದರು. ಕಾಲು ಒತ್ತಿ ನೋಡಿದರು, ಬೆರಳು ತೆಗೆದ ಮೇಲೂ ಗುಳಿ ಉಳಿಯಿತು. ಮೂತ್ರ ಪರೀಕ್ಷೆ ಮಾಡಿ ಎಂದರು, ನಾನು ಪಟ್ಟಿ ಅದ್ದಿ ನೋಡಿದೆ, ಬಣ್ಣ ತಿರುಗಿತು. "ಪ್ರೋಟೀನ್ ಹೋಗ್ತಿದೆ. ಅಕ್ಕನ ಮಾತ್ರೆ ಇವರಿಗೆ ಸಾಲದು ಸಿಸ್ಟರ್, ಬೇರೆ ಕೊಡಬೇಕು. ಶಿರಾದಲ್ಲಿ ರಕ್ತ ಪರೀಕ್ಷೆನೂ ಆಗಬೇಕು. ಈಗಲೇ ಸಿಕ್ಕಿದ್ದು ಒಳ್ಳೇದಾಯ್ತು." ನಿನ್ನೆ ಬೀಗ ತಿರುಗಿಸದಿದ್ದದ್ದಕ್ಕೆ ದೇವರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಮೊದಲ ಸಲ ಕೈಮುಟ್ಟಿ ನೋಡಬೇಕು ಎಂದು ಅವರು ಹಟ ಹಿಡಿದದ್ದು ಸರಿ. ನೋಡಬೇಕಾದವರು ಕುರ್ಚಿಯಲ್ಲಿ ಇರಬೇಕಲ್ಲ ಎಂದು ನಾನು ಉರಿದುಕೊಂಡದ್ದೂ ಸರಿ. ಅದನ್ನು ಹಾಗೇ ಬಾಯಿಬಿಟ್ಟು ಅವರಿಗೆ ಹೇಳಿಯೂ ಬಿಟ್ಟೆ.

ಅವರು ಸಿಟ್ಟಾಗಲಿಲ್ಲ. "ಎರಡು ಸಲ ಬಂದಿದ್ರಾ ಇವರು?" ಎಂದು ಕೇಳಿ, ತಲೆ ತಗ್ಗಿಸಿಕೊಂಡರು.

ಹೊರಗೆ ಬಂದಾಗ ಭೀಮರಾಜು ಇನ್ನೂ ಅಲ್ಲೇ ಇದ್ದ. ಜಗಳಗಂಟ ಸುಮ್ಮನೆ ಮನೆಗೆ ಹೋಗುವುದುಂಟೇ?

"ಸಾರ್, ಮೇಡಂ ಮ್ಯಾಲಿನ ಕಂಪ್ಲೇಂಟು ವಾಪಸ್ ತಗಂತೀನಿ. ಇನ್ನೊಂದು ಕೊಡ್ತೀನಿ. ಈ ಕಡೆ ಒಂದ್ ದಿನಾನೂ ಡಾಕ್ಟ್ರು ಬರಾಕಿಲ್ಲ ಅಂತ. ನಿಮ್ ಮ್ಯಾಲೇಯ."

"ಕೊಡಿ" ಎಂದರು ಡಾಕ್ಟರು. "ಇನ್ನೊಬ್ಬ ಡಾಕ್ಟರನ್ನ ಹಾಕಿ ಅಂತ ನಾನು ಕೇಳ್ತಾನೇ ಇದೀನಿ. ಜನ ಕೇಳಿದ್ರೆ ಇನ್ನೂ ಜೋರಾಗುತ್ತೆ. ನಿಮ್ಮ ದೂರಿನ ಕೆಳಗೆ ನಾನೂ ಸಹಿ ಹಾಕ್ತೀನಿ. ಅಲ್ಲೀವರೆಗೂ ತಿಂಗಳಿಗೊಂದು ಗುರುವಾರ ಇಲ್ಲಿಗೇ ಬರ್ತೀನಿ. ಹೊಸಬರನ್ನೆಲ್ಲ ಅವತ್ತು ನೋಡೋಣ, ಆಮೇಲಿಂದ ಸಿಸ್ಟರ್ ಕೊಡ್ತಾರೆ." ನನ್ನ ಕಡೆ ತಿರುಗಿ, "ನಿಮ್ಮ ಫೈಲಿಗೆ ಬೇಕಾದ ವರದಿ ಇವತ್ತೇ ಕಳಿಸ್ತೀನಿ" ಎಂದರು. ಜಗಳ ನೋಡಲು ಬಂದಿದ್ದವರಲ್ಲಿ ಕೆಲವರು ಆಗಲೇ ಅಂಗಿಯ ತೋಳು ಮಡಿಸಿಕೊಂಡು ಬೆಂಚಿನ ಮೇಲೆ ಕೂರತೊಡಗಿದ್ದರು.

ನಾನು ಬೀರು ತೆಗೆದು ಈರಕ್ಕನ ಮಾತ್ರೆಯ ಹಾಳೆಗಳನ್ನು ಅವಳ ಕೈಗಿಟ್ಟೆ. ಅವಳು ತಿರುಗಿಸಿ ಮುರುಗಿಸಿ ನೋಡಿದಳು.

"ಇದು ಪೂರಾ ನಂದೇನಾ?"

"ಪೂರಾ ನಿಮ್ದೇ ಈರಕ್ಕ. ಯಾರಿಗೂ ಪಾಲು ಕೊಡೋ ಹಂಗಿಲ್ಲ."

ಕೊಲ್ಲಾಪುರಮ್ಮನಿಗೆ ಡಾಕ್ಟರು ಹಳೆಯ ಪ್ರಮಾಣವನ್ನೇ ಬರೆದಿದ್ದರು. ಅವಳದನ್ನು ಅವಳ ಕೈಗೆ ಕೊಟ್ಟಾಗ ಅವಳು ಕಣ್ಣಿಗೊತ್ತಿಕೊಳ್ಳುವುದನ್ನೂ ಮರೆತು ವಾರಗಿತ್ತಿಯ ಕಡೆ ನೋಡಿದಳು. ಎಲ್ಲರ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದವಳ ದನಿ ಈಗ ಸಣ್ಣಗಾಗಿತ್ತು.

"ಅಂಗಾರೆ ನಾಳೆಯಿಂದ ಬೆಳಗ್ಗೆ ನೀನು ಗೋಡೆತಾವ ಬರಾಕಿಲ್ವೇನೇ ಈರಾ?"

ಈರಕ್ಕ ಭೀಮರಾಜುವನ್ನು ನೋಡಿದಳು. ನನಗೂ ಅವನನ್ನೇ ನೋಡುವ ಹಾಗಾಯಿತು. ಅವನು ಕೈಯಲ್ಲಿದ್ದ ಆಟೋ ಕೀಲಿಯನ್ನು ಆಡಿಸುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದ:

"ಗೋಡೆತಾವ ಯಾಕೆ ಚಿಗವ್ವ, ಬಾಗ್ಲಿಗೇ ಬಾ. ಈಗ ಇಬ್ರೂ ಆಟೋ ಹತ್ರಿ, ಬಿಸಿಲಾಯ್ತು."